ಓಢ್ ಅಂದರೆ ಎಳಿ, ಸೋಡ್ ಅಂದರೆ ಬಿಡು

ಬಕೆಟ್ ಎಲಿವೇಟರಿನ ಬೆಲ್ಟು ಕಾರ್ಖಾನೆಯಿಂದ ಸುರುಳಿಯಾಗಿ ಬರುತ್ತದೆ. ಜೊತೆಗೆ ಒಂದು ಪ್ರಮಾಣಪತ್ರವೂ ಇರುತ್ತದೆ: ಎಷ್ಟು ಪದರ, ಎಷ್ಟು ದಪ್ಪ, ಒಂದು ಮಿಲಿಮೀಟರ್ ಅಗಲ ಎಷ್ಟು ಎಳೆತವನ್ನು ತಡೆಯುತ್ತದೆ, ಎಷ್ಟು ಬಿಸಿಯವರೆಗೆ ಬಾಳುತ್ತದೆ. ಇಷ್ಟೆಲ್ಲ ಪರೀಕ್ಷೆ ದಾಟಿ ಬಂದ ಪಟ್ಟಿಗೆ ಎರಡು ತುದಿಗಳಿರುತ್ತವೆ. ಎಲಿವೇಟರಿಗೆ ಬೇಕಾದದ್ದು ತುದಿಯೇ ಇಲ್ಲದ ಬಳೆಯಂಥದ್ದು. ಆ ಎರಡು ತುದಿಗಳನ್ನು ಕೂಡಿಸುವ ಕೆಲಸ ನಡೆಯುವುದು ಯಂತ್ರ ನಿಲ್ಲಿಸಿದ ಜಾಗದಲ್ಲಿ, ನೆಲದಿಂದ ನಾಲ್ಕೈದು ಅಡಿ ಎತ್ತರದ ಒಂದು ಕಿಟಕಿಯ ಮುಂದೆ, ಪಾನಾ ಹಿಡಿದ ಇಬ್ಬರು ಮೂವರ ಕೈಯಲ್ಲಿ. ಬೆಲ್ಟಿಗೆ ಪ್ರಮಾಣಪತ್ರವಿದೆ, ಮೋಟಾರಿಗಿದೆ, ಬೇರಿಂಗಿಗಿದೆ. ಜಾಯಿಂಟಿಗೆ ಇಲ್ಲ. ಬೆಲ್ಟು ಕಿತ್ತುಹೋದರೆ ಎಲ್ಲರೂ ಮೊದಲು ನೋಡುವುದು ಮಾತ್ರ ಜಾಯಿಂಟನ್ನೇ.

ಎಲಿವೇಟರ್ ಎಂದರೆ ಇಲ್ಲಿ ಜನ ಹತ್ತುವ ಲಿಫ್ಟ್ ಅಲ್ಲ. ಅಕ್ಕಿ ಗಿರಣಿ, ಬೇಳೆ ಗಿರಣಿ, ಪಶು ಆಹಾರದ ಘಟಕ, ಸಕ್ಕರೆ ಕಾರ್ಖಾನೆ, ಸಿಮೆಂಟ್ ಕಾರ್ಖಾನೆ, ಎರಕದ ಫೌಂಡ್ರಿ, ಹೀಗೆ ಕಾಳು, ಪುಡಿ, ಮರಳು ಕೆಳಗಿನಿಂದ ಮೇಲಕ್ಕೆ ಹೋಗಬೇಕಾದ ಕಡೆಯೆಲ್ಲ ನಿಂತಿರುವ ಎತ್ತರದ ತಗಡಿನ ಪೆಟ್ಟಿಗೆ ಅದು. ಒಳಗೆ ಮೇಲೊಂದು ಪುಲ್ಲಿ, ಕೆಳಗೊಂದು ಪುಲ್ಲಿ. ಎರಡನ್ನೂ ಬಳಸಿ ಸುತ್ತುವ ಬೆಲ್ಟು. ಬೆಲ್ಟಿನ ಹೊರಮೈಗೆ ಸಾಲಾಗಿ ಬೋಲ್ಟು ಮಾಡಿದ ಬಕೆಟ್‌ಗಳು. ಕೆಳಗೆ ತುಂಬಿಕೊಂಡ ಬಕೆಟ್ ಮೇಲಿನ ಪುಲ್ಲಿಯನ್ನು ದಾಟುವಾಗ ಹೊಟ್ಟೆಯಲ್ಲಿದ್ದುದನ್ನು ಹೊರಕ್ಕೆ ಎಸೆದು, ಬರಿದಾಗಿ ಇನ್ನೊಂದು ಬದಿಯಿಂದ ಇಳಿಯುತ್ತದೆ.

ಬಾವಿಯ ಮೇಲೆ ತಿರುಗುತ್ತಿದ್ದ ಮಡಕೆಗಳ ಮಾಲೆಯ ರಾಟೆಯೂ ಇದೇ ತತ್ವದ್ದು. ಮರಾಠಿಯಲ್ಲಿ ಅದಕ್ಕೆ ‘ರಹಾಟಗಾಡಗೆ’ ಎನ್ನುತ್ತಾರೆ. ಪುಣೆಯಲ್ಲಿ ಇವತ್ತು ಅಂಥ ರಾಟೆ ಕಾಣದಿದ್ದರೂ ಸಂಸಾರದ ಮುಗಿಯದ ಸುತ್ತಿಗೆ ಜನ ಈಗಲೂ ಅದೇ ಮಾತು ಬಳಸುತ್ತಾರೆ. ಹದಿನೆಂಟನೇ ಶತಮಾನದ ಕೊನೆಗೆ ಅಮೆರಿಕದ ಆಲಿವರ್ ಇವಾನ್ಸ್ ತನ್ನ ಹಿಟ್ಟಿನ ಗಿರಣಿಯಲ್ಲಿ ಚರ್ಮದ ಪಟ್ಟಿಗೆ ಪುಟ್ಟ ಡಬ್ಬಿಗಳನ್ನು ಕಟ್ಟಿ ಗೋಧಿ ಏರಿಸಿದ. 1842ರಲ್ಲಿ ಬಫಲೋ ನಗರದ ಬಂದರಿನಲ್ಲಿ ಜೋಸೆಫ್ ಡಾರ್ಟ್ ಅದನ್ನು ಉಗಿಯಂತ್ರಕ್ಕೆ ಜೋಡಿಸಿ ಹಡಗಿನಿಂದಲೇ ಕಾಳು ಎತ್ತಿದ. ಈಗ ಸಿಮೆಂಟ್ ಕಾರ್ಖಾನೆಗಳಲ್ಲಿ ಉಕ್ಕಿನ ಎಳೆಗಳಿರುವ ಬೆಲ್ಟು 100 ಮೀಟರಿಗೂ ಹೆಚ್ಚು ಎತ್ತರಕ್ಕೆ ಪುಡಿ ಒಯ್ಯುತ್ತದೆ. ಮಡಕೆಯ ಮಾಲೆಯಲ್ಲಿ ಹಗ್ಗದ ಗಂಟು ಬಿಚ್ಚಿದರೆ ಮಡಕೆಗಳೆಲ್ಲ ಬಾವಿಯ ತಳಕ್ಕೆ. ಬೆಲ್ಟಿನ ಜಾಯಿಂಟ್ ಬಿಟ್ಟರೂ ಆಗುವುದು ಅದೇ.

ಈ ಯಂತ್ರಗಳ ವಿಷಯದಲ್ಲಿ ಪುಣೆಗೂ ಕನ್ನಡ ನಾಡಿಗೂ ಹಳೆಯ ನಂಟಿದೆ. ಪಿಂಪ್ರಿಯಲ್ಲಿ ಬುಕೌ ವುಲ್ಫ್ ಎಂಬ ಹೆಸರಿನಿಂದ ಬೆಳೆದು ಆಮೇಲೆ ಥೈಸನ್‌ಕ್ರುಪ್ ಹೆಸರಿನಲ್ಲಿದ್ದ ಕಾರ್ಖಾನೆ, ಇಂದಾಪುರ ತಾಲ್ಲೂಕಿನ ವಾಲ್‌ಚಂದ್‌ನಗರ, ಇವೆರಡೂ ಸಕ್ಕರೆ ಮತ್ತು ಸಿಮೆಂಟ್ ಯಂತ್ರಗಳಿಗೆ ಹೆಸರಾದವು. ಸಕ್ಕರೆ ತಂತ್ರಜ್ಞರನ್ನು ತಯಾರು ಮಾಡುವ ವಸಂತದಾದಾ ಸಕ್ಕರೆ ಸಂಸ್ಥೆ 1975ರಿಂದ ಪುಣೆಯ ಪಕ್ಕದ ಮಾಂಜರಿಯಲ್ಲಿದೆ. ಭೋಸರಿ, ಪಿಂಪ್ರಿ, ಚಾಕಣ್ ಕಡೆಯ ಶೆಡ್ಡುಗಳಲ್ಲಿ ತಗಡು ಕತ್ತರಿಸಿ ಎಲಿವೇಟರ್ ಕಟ್ಟಿಕೊಡುವವರಿದ್ದಾರೆ. ಅಲ್ಲಿನ ಫೌಂಡ್ರಿಗಳ ಬಿಸಿ ಮರಳನ್ನು ಎತ್ತುವುದೂ ಇದೇ ಯಂತ್ರ. ಇವುಗಳಿಗೆ ಗಿರಾಕಿಗಳಾಗಬಲ್ಲ ಕಬ್ಬಿನ ಬೆಳಗಾವಿ, ಬಾಗಲಕೋಟೆ, ವಿಜಯಪುರಗಳು, ತೊಗರಿಯ ಕಲಬುರಗಿ, ಸಿಮೆಂಟಿನ ವಾಡಿ, ಸೇಡಂ ಎಲ್ಲ ಗಡಿಯ ಈಚೆ ಇವೆ. ದುಡಿಯುವ ಕೈಗಳು ಹೋಗುವುದು ಇದರ ಎದುರು ದಿಕ್ಕಿಗೆ: ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯ ಊರುಗಳಿಂದ ಪುಣೆಗೆ. ಹೀಗಾಗಿ ಪುಣೆಯ ಒಂದು ಶೆಡ್ಡಿನಲ್ಲಿ ಎಲಿವೇಟರ್ ನಿಲ್ಲಿಸುವ ತಂಡದೊಳಗೆ ಮರಾಠಿ, ಹಿಂದಿ, ಉತ್ತರ ಕರ್ನಾಟಕದ ಕನ್ನಡ ಮೂರೂ ಸೇರಿರುವುದು ಅಪರೂಪವೇನಲ್ಲ. ಕೈಯಲ್ಲಿರುವ ಪುಸ್ತಕ ಮಾತ್ರ ಇಂಗ್ಲಿಷಿನದು.

ಜಾಯಿಂಟಿನಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಮೊದಲನೆಯದರಲ್ಲಿ ಒಂದು ತುದಿಯನ್ನು ಇನ್ನೊಂದರ ಮೇಲೆ ಕೆಲವು ಬಕೆಟ್‌ಗಳ ಉದ್ದಕ್ಕೆ ಹಾಸಿ, ಬಕೆಟ್ಟಿನ ಬೋಲ್ಟುಗಳೇ ಎರಡೂ ಪದರವನ್ನು ಹಿಡಿಯುವಂತೆ ಬಿಗಿಯುತ್ತಾರೆ. ಎರಡನೆಯದರಲ್ಲಿ ತುದಿಗೆ ತುದಿ ತಾಗಿಸಿ, ಬೆನ್ನಿಗೆ ಅದೇ ಜಾತಿಯ ಇನ್ನೊಂದು ತುಂಡು ಕೊಟ್ಟು ಬೋಲ್ಟು ಹಾಕುತ್ತಾರೆ. ಬೆಲ್ಟು ದಪ್ಪಗಿದ್ದು ಒಂದರ ಮೇಲೊಂದು ಹಾಸಿದರೆ ಪುಲ್ಲಿಯ ಮೇಲೆ ಬಾಗದು ಎನ್ನುವ ಕಡೆ ಇದು ಒದಗುತ್ತದೆ. ಮೂರನೆಯದು ಕ್ಲ್ಯಾಂಪ್: ಎರಡೂ ತುದಿಗಳನ್ನು ಪುಲ್ಲಿಯಿಂದ ಹೊರಮುಖವಾಗಿ ಬಾಗಿಸಿ, ಲೋಹದ ಹಲ್ಲೆಗಳ ನಡುವೆ ಇಟ್ಟು ಅಡ್ಡ ಬೋಲ್ಟಿನಿಂದ ಅದುಮುವುದು. ನಾಲ್ಕನೆಯದರಲ್ಲಿ ಎರಡೂ ತುದಿಗಳ ಪದರಗಳನ್ನು ಮೆಟ್ಟಿಲಿನಂತೆ ಕತ್ತರಿಸಿ, ಒಂದರೊಳಗೊಂದು ಕೂರಿಸಿ, ಕಾಯಿಸಿ ಒತ್ತಿ ರಬ್ಬರನ್ನು ಒಂದಾಗಿಸುತ್ತಾರೆ.

ಶಾಲೆಯ ವ್ಯಾಕರಣ ನೆನಪಿರುವವರಿಗೆ ಈ ಪಟ್ಟಿ ಎಲ್ಲೋ ಕೇಳಿದಂತೆ ಅನ್ನಿಸಬಹುದು. ಊರು, ಅಲ್ಲಿ ಕೂಡಿ ‘ಊರಲ್ಲಿ’ ಆಗುವಾಗ ಒಂದು ಸ್ವರ ಬಿಟ್ಟುಹೋಗುತ್ತದೆ. ಮೆಟ್ಟಿಲು ಕತ್ತರಿಸುವ ಜಾಯಿಂಟಿನಲ್ಲಿ ಪದರ ಬಿಟ್ಟುಹೋಗುವ ಹಾಗೆ. ಮನೆ, ಅಲ್ಲಿ ಕೂಡಿ ‘ಮನೆಯಲ್ಲಿ’ ಆಗುವಾಗ ನಡುವೆ ಒಂದು ಯಕಾರ ಹೊರಗಿನಿಂದ ಬರುತ್ತದೆ. ಬೆನ್ನಿಗೆ ಕೊಟ್ಟ ತುಂಡಿನ ಹಾಗೆ. ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ. ವ್ಯಾಕರಣದ ಸಂಧಿ ತಪ್ಪಿದರೆ ಒಂದು ಅಂಕ ಹೋಗುತ್ತದೆ, ಅಷ್ಟೇ.

ಜಾಯಿಂಟಿನ ಮೇಲೆ ಬೀಳುವ ಭಾರ ಎಷ್ಟೆಂದು ಒಂದು ಲೆಕ್ಕ ಹಾಕಿ ನೋಡಬಹುದು. 30 ಮೀಟರ್ ಎತ್ತರದ ಎಲಿವೇಟರ್ ಎಂದಿಟ್ಟುಕೊಳ್ಳೋಣ. ಒಂದು ಮೀಟರ್ ಬೆಲ್ಟಿನ ತೂಕ 3 ಕಿಲೋ, ಮೀಟರಿಗೆ ನಾಲ್ಕು ಬಕೆಟ್, ಬಕೆಟ್ ಒಂದಕ್ಕೆ ಬೋಲ್ಟು ಸೇರಿ 2 ಕಿಲೋ. ಅಂದರೆ ಮೀಟರಿಗೆ 11 ಕಿಲೋ. ಒಂದು ಬದಿಗೆ 330 ಕಿಲೋ. ಏರುವ ಬದಿಯ ಪ್ರತಿ ಬಕೆಟ್ಟಿನಲ್ಲಿ 2 ಕಿಲೋ ಕಾಳು ಇದ್ದರೆ ಅದೇ 240 ಕಿಲೋ. ಜಾಯಿಂಟ್ ಮೇಲಿನ ಪುಲ್ಲಿಯ ಹತ್ತಿರ ಬಂದಾಗ ಅದರ ಕೆಳಗೆ ತೂಗುತ್ತಿರುವುದು 570 ಕಿಲೋ, ಜೊತೆಗೆ ಬೆಲ್ಟು ಜಾರದಿರಲೆಂದು ಕೊಟ್ಟ ಬಿಗಿತ ಬೇರೆ. ಬೆಲ್ಟಿನ ಪೂರ್ತಿ ಸುತ್ತು ಸುಮಾರು 62 ಮೀಟರ್. ಸೆಕೆಂಡಿಗೆ ಎರಡೂವರೆ ಮೀಟರ್ ವೇಗದಲ್ಲಿ ಒಂದು ಸುತ್ತಿಗೆ 25 ಸೆಕೆಂಡ್. ದಿನಕ್ಕೆ 20 ಗಂಟೆ ಓಡಿದರೆ ಸುಮಾರು 2,900 ಸುತ್ತು. ಪ್ರತಿ ಸುತ್ತಿನಲ್ಲೂ ಜಾಯಿಂಟ್ ಮೇಲೊಮ್ಮೆ, ಕೆಳಗೊಮ್ಮೆ ಬಾಗಿ ನೆಟ್ಟಗಾಗುತ್ತದೆ. ದಿನಕ್ಕೆ 5,800 ಸಲ ಬಾಗುವ ಜಾಗಕ್ಕೆ, ಇಡೀ ಬೆಲ್ಟಿನಲ್ಲಿ ಅತಿ ದಪ್ಪನೆಯ ಜಾಗವೂ ಅದೇ ಆಗಿರುವಾಗ, ಒಂದು ಬೋಲ್ಟು ಸಡಿಲವಿದ್ದರೂ ಗೊತ್ತಾಗಲು ಬಹಳ ದಿನ ಬೇಕಿಲ್ಲ.

ಆದ್ದರಿಂದಲೇ ಈ ಕೆಲಸದಲ್ಲಿ ಸಣ್ಣವೆಂದು ಕಾಣುವ ವಿಷಯಗಳೇ ದೊಡ್ಡವು. ತುದಿಯನ್ನು ನೇರ ಕತ್ತರಿಸಬೇಕು. ಅಂಚನ್ನು ನಂಬದೆ ನಡುಗೆರೆ ಎಳೆದು ಅದಕ್ಕೆ ಅಡ್ಡಗೆರೆ ಹಾಕಬೇಕು. ಮೂರು, ನಾಲ್ಕು, ಐದರ ತ್ರಿಕೋನದಿಂದ ಮೂಲೆ ಸರಿಯಿದೆಯೇ ಎಂದು ನೋಡಬಹುದು. ಮನೆಯ ಪಾಯ ಹಾಕುವ ಗೌಂಡಿಗಳು ಮಾಡುವುದೂ ಅದನ್ನೇ. ಸೊಟ್ಟ ಕತ್ತರಿಸಿದರೆ ಒಂದು ಅಂಚು ಬಿಗಿ, ಇನ್ನೊಂದು ಸಡಿಲ. ಬೆಲ್ಟು ಸುತ್ತು ಸುತ್ತಿಗೂ ಒಂದೇ ಕಡೆ ಸರಿದು ತಗಡಿಗೆ ಉಜ್ಜುತ್ತದೆ. ತೂತು ಕೊರೆಯಲು ಹರಿತವಾದ ಪಂಚ್ ಬೇಕು, ಕಾದ ಸರಳಿನಿಂದ ಸುಡಬಾರದು. ಸುಟ್ಟರೆ ಸುತ್ತಲಿನ ನೂಲು ಸಾಯುತ್ತದೆ. ಎಲಿವೇಟರ್ ಬೋಲ್ಟಿನ ಚಪ್ಪಟೆ ತಲೆ ಬೆಲ್ಟಿನೊಳಗೆ ಸಮವಾಗಿ ಕೂರಬೇಕು, ಇಲ್ಲದಿದ್ದರೆ ಪುಲ್ಲಿಗೆ ಬಡಿಯುತ್ತದೆ. ಹೊಸ ಬೆಲ್ಟು ಮೊದಲ ದಿನಗಳಲ್ಲಿ ಹಿಗ್ಗುತ್ತದೆ. ಕೆಳಗಿನ ಪುಲ್ಲಿಯನ್ನು ಇಳಿಸಿ ಬಿಗಿ ಮಾಡುವ ಸ್ಕ್ರೂವಿನಲ್ಲಿ ಆಮೇಲಿಗೆಂದು ಜಾಗ ಉಳಿಸಿಯೇ ಬೆಲ್ಟಿನ ಉದ್ದ ನಿರ್ಧರಿಸಬೇಕು.

ಅಪಾಯ ಹೆಚ್ಚಿರುವುದು ಜಾಯಿಂಟಿಗಿಂತಲೂ ಮುಂಚಿನ ಹಂತದಲ್ಲಿ, ಬೆಲ್ಟು ಏರಿಸುವಾಗ. ಮೇಲಿನ ಪುಲ್ಲಿಯ ಮೇಲಿಂದ ಹಗ್ಗ ಇಳಿಬಿಟ್ಟು, ಅದಕ್ಕೆ ಬೆಲ್ಟಿನ ತುದಿ ಕಟ್ಟಿ, ಚೈನ್ ಬ್ಲಾಕಿನಿಂದಲೋ ವಿಂಚಿನಿಂದಲೋ ಎಳೆಯುತ್ತಾರೆ. ಎರಡೂ ಬದಿ ಸಮವಾಗಿದ್ದರೆ ಬೆಲ್ಟು ತೂಗಿಕೊಂಡು ಸುಮ್ಮನಿರುತ್ತದೆ. ಒಂದೇ ಬದಿಗೆ ಬಕೆಟ್ ಹಾಕುತ್ತ ಹೋದರೆ ಸಮತೋಲ ತಪ್ಪುತ್ತದೆ. ಮೇಲಿನ ಲೆಕ್ಕದ ಯಂತ್ರದಲ್ಲೇ ಒಂದು ಬದಿ ಪೂರ್ತಿ ತುಂಬಿ ಇನ್ನೊಂದು ಬದಿ ಬರಿದಾಗಿದ್ದರೆ ವ್ಯತ್ಯಾಸ 240 ಕಿಲೋ. ಹಿಡಿತ ಬಿಟ್ಟರೆ ಆ ಬದಿ ಕೆಳಕ್ಕೆ ಧಾವಿಸುತ್ತದೆ, ಕಿಟಕಿಯೊಳಗೆ ಕೈ ಇಟ್ಟವನಿಗೆ ಹಿಂದಕ್ಕೆಳೆದುಕೊಳ್ಳಲು ವೇಳೆ ಸಿಗುವುದಿಲ್ಲ. ಅದಕ್ಕೆಂದೇ ತಿಳಿದ ಮಿಸ್ತ್ರಿಗಳು ಬಕೆಟ್‌ಗಳನ್ನು ಸಾಲಾಗಿ ಹಾಕದೆ, ಮೊದಲ ಸುತ್ತಿಗೆ ದೂರ ದೂರಕ್ಕೆ ಒಂದೊಂದು, ಮುಂದಿನ ಸುತ್ತಿಗೆ ನಡುವೆ ಇನ್ನೊಂದೊಂದು ಎಂದು ತುಂಬಿಸುತ್ತಾರೆ. ಹಳೆಯ ಬೆಲ್ಟು ಕತ್ತರಿಸುವ ಮುಂಚೆ ಎರಡೂ ಬದಿಯನ್ನು ಉಕ್ಕಿನ ಪಟ್ಟಿಯಿಂದ ಹಿಡಿಸಿ ಚೌಕಟ್ಟಿಗೆ ಕಟ್ಟುತ್ತಾರೆ. ಮೋಟಾರಿನ ಸ್ವಿಚ್ಚಿಗೆ ಬೀಗ ಹಾಕಿ ಕೀಲಿಯನ್ನು ಕೆಲಸ ಮಾಡುವವನೇ ಜೇಬಿನಲ್ಲಿಟ್ಟುಕೊಳ್ಳುತ್ತಾನೆ.

ಇಲ್ಲಿ ಭಾಷೆ ಕೆಲಸದ ಒಂದು ಸಲಕರಣೆಯೇ ಆಗಿಬಿಡುತ್ತದೆ. ಮೇಲೆ ಒಬ್ಬ, ಕೆಳಗೆ ಇಬ್ಬರು, ನಡುವೆ 30 ಮೀಟರ್ ತಗಡಿನ ಕೊಳವೆ. ಮಾತು ಕೊಳವೆಯೊಳಗೆ ಗುಂಯ್‌ಗುಟ್ಟುತ್ತ ಇಳಿಯುತ್ತದೆ. ಮರಾಠಿಯಲ್ಲಿ ಎಳಿ ಎನ್ನಲು ‘ಓಢ್’, ಬಿಡು ಎನ್ನಲು ‘ಸೋಡ್’. ಅರ್ಥ ತದ್ವಿರುದ್ಧ, ಕಿವಿಗೆ ಇರುವ ಮುಖ್ಯ ವ್ಯತ್ಯಾಸ ಮೊದಲಿನ ಒಂದು ಸಕಾರ. ಸಕಾರದ ಸದ್ದು ಬರೀ ಸುಯ್ಯೆನ್ನುವ ಗಾಳಿ, ಎತ್ತರದ ಕಂಪನದ್ದು. ಗದ್ದಲದಲ್ಲಿ ಮೊದಲು ಅಳಿಸಿಹೋಗುವ ಸದ್ದುಗಳಲ್ಲಿ ಅದೂ ಒಂದು. ಫೋನಿನಲ್ಲಿ ಹೆಸರು ಹೇಳುವಾಗ ಸ, ಫ ಕಲಸಿಹೋಗುವುದು ಇದಕ್ಕೇ. ಸಕಾರ ಕಳೆದ ‘ಸೋಡ್’ ಕೆಳಗಿನವನ ಕಿವಿಗೆ ‘ಓಢ್’ ಆಗಿ ತಲುಪುತ್ತದೆ. ಬಿಡಬೇಕಾದವನು ಎಳೆಯುತ್ತಾನೆ.

ಹಿಂದಿಗೆ ಹೋದರೆ ಪಾರಾದಂತಲ್ಲ. ‘ರೋಕೋ’ ಎಂದರೆ ನಿಲ್ಲಿಸು, ‘ಛೋಡೋ’ ಎಂದರೆ ಬಿಡು. ದೂರದಿಂದ ಕೂಗಿದಾಗ ಚೆನ್ನಾಗಿ ಕೇಳುವುದು ಸ್ವರಗಳು, ವ್ಯಂಜನಗಳು ಸವೆದುಹೋಗುತ್ತವೆ. ಈ ಎರಡು ಮಾತುಗಳ ಸ್ವರಗಳು ಒಂದೇ: ಓ, ಓ. ಕನ್ನಡಕ್ಕೂ ಇದರಿಂದ ವಿನಾಯಿತಿಯಿಲ್ಲ. ಉತ್ತರ ಕರ್ನಾಟಕದವರ ಬಾಯಲ್ಲಿ ಎಳೆ ಎನ್ನುವುದು ‘ಎಳಿ’. ಕೆಳಗೆ ಬಾ ಎನ್ನುವುದು ‘ಇಳಿ’. ಎರಡಕ್ಕೂ ಇರುವ ಅಂತರ ಒಂದು ಎ, ಒಂದು ಇ. ಎದುರುಬದುರು ಕೂತು ಮಾತಾಡುವಾಗ ಯಾರೂ ತಪ್ಪುವುದಿಲ್ಲ, ಮುಖ ಕಾಣುತ್ತದೆ, ಸಂದರ್ಭ ಗೊತ್ತಿರುತ್ತದೆ. ಮಾತೃಭಾಷೆಯಲ್ಲಿ ಅರ್ಧ ಕೇಳಿದರೂ ಉಳಿದರ್ಧವನ್ನು ತಲೆ ತಾನೇ ತುಂಬಿಕೊಳ್ಳುತ್ತದೆ. ಆರು ತಿಂಗಳ ಹಿಂದೆ ಪುಣೆಗೆ ಬಂದು ಮರಾಠಿಯನ್ನು ಕಿವಿಯಿಂದಲೇ ಕಲಿಯುತ್ತಿರುವ ಸಿಂದಗಿಯ ಹುಡುಗನಿಗೆ ಹಾಗೆ ತುಂಬಿಕೊಳ್ಳಲು ಬೇಕಾದ ಸಂಗ್ರಹ ಇನ್ನೂ ಇರುವುದಿಲ್ಲ. “ಭಾವೂ, ಕಾಯ್?” ಎಂದು ಅವನು ಮತ್ತೊಮ್ಮೆ ಕೇಳುವಷ್ಟರಲ್ಲಿ ಹಗ್ಗ ಸರಿದಿರುತ್ತದೆ.

ಭಾರ ಎತ್ತುವ ಕೆಲಸದವರು ಇದಕ್ಕೆ ಕಂಡುಕೊಂಡ ಉಪಾಯ ಸರಳ. ಸೂಚನೆ ಕೊಡುವವನು ಒಬ್ಬನೇ ಇರಬೇಕು. ನಿಲ್ಲಿಸು ಎಂದು ಮಾತ್ರ ಯಾರು ಬೇಕಾದರೂ ಹೇಳಬಹುದು. ಕಣ್ಣಿಗೆ ಕಾಣುವಲ್ಲಿ ಕೈಸನ್ನೆ, ಕಾಣದಲ್ಲಿ ಸೀಟಿ: ಇಂತಿಷ್ಟು ಸೀಟಿಗೆ ಇಂಥ ಅರ್ಥ ಎಂದು ಬೆಳಿಗ್ಗೆಯೇ ಗೊತ್ತು ಮಾಡಿಕೊಂಡಿರಬೇಕು. ಮಾತೇ ಬೇಕೆಂದರೆ ಮೂರು ಮಾತುಗಳನ್ನು ಆರಿಸಿ, ಮೂರರ ಸ್ವರವೂ ಬೇರೆ ಬೇರೆ ಇರುವಂತೆ ನೋಡಿಕೊಳ್ಳಬೇಕು. ಯಾವ ಭಾಷೆಯವಾದರೂ ಸರಿ. ಎಳೆಯಲು ಮರಾಠಿಯ ‘ಓಢ್’, ಬಿಡಲು ಕನ್ನಡದ ‘ಬಿಡು’, ನಿಲ್ಲಲು ಇಂಗ್ಲಿಷಿನ ‘ಸ್ಟಾಪ್’ ಎಂದು ಕಲಸಿದ ಶಬ್ದಕೋಶ ಭಾಷಾಭಿಮಾನಿಗಳಿಗೆ ಒಗ್ಗದಿರಬಹುದು, ಕೊಳವೆಯಲ್ಲಿ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ಕೂಗಿನ ಸಮಸ್ಯೆ ಹೀಗಾದರೆ, ಬರಹದ್ದು ಇನ್ನೊಂದು. ಎಲಿವೇಟರಿನ ಕೈಪಿಡಿಯನ್ನು ನಿಘಂಟು ಹಿಡಿದು ಕನ್ನಡಕ್ಕೆ ತಂದರೆ ಕಾಲು, ಬೂಟು, ತಲೆ ಇರುವ ಒಂದು ಮನುಷ್ಯಾಕೃತಿ ಎದ್ದು ನಿಲ್ಲುತ್ತದೆ. ಪುಲ್ಲಿಗೆ ಹೊದಿಸುವ ರಬ್ಬರಿನ ಲ್ಯಾಗಿಂಗ್ ‘ಹಿಂದುಳಿಯುವಿಕೆ’ ಆಗುತ್ತದೆ. ಇದನ್ನು ನಕ್ಕು ಬಿಡಬಹುದು. ಕೆಲಸಗಾರರು ಹೆಡ್, ಬೂಟ್, ಲ್ಯಾಗಿಂಗ್, ಜಾಯಿಂಟ್ ಎಂದೇ ಅನ್ನುತ್ತಾರೆ, ಹಾಗೆಯೇ ಬರೆದರಾಯಿತು. ನಿಜವಾದ ತೊಡಕಿರುವುದು ನಾವು ಕನ್ನಡವೆಂದು ನಂಬಿ ಕಣ್ಣು ಮುಚ್ಚಿ ಬಳಸುವ ಸಣ್ಣ ಮಾತುಗಳಲ್ಲಿ.

‘ಮೇಲೆ’ ಎಂಬ ಮಾತನ್ನು ನೋಡಿ. ಮೇಜಿನ ಮೇಲೆ ಎಂದರೆ ತಾಗಿಕೊಂಡು. ತಲೆಯ ಮೇಲೆ ಫ್ಯಾನಿದೆ ಎಂದರೆ ತಾಗದೆ, ಎತ್ತರದಲ್ಲಿ. ಊಟದ ಮೇಲೆ ಎಂದರೆ ಆನಂತರ. ಒಂದು ತುದಿಯನ್ನು ಇನ್ನೊಂದರ ಮೇಲೆ ಇಡಿ ಎಂದು ಬರೆದರೆ ಮೂರರಲ್ಲಿ ಯಾವುದು? ಅದೂ ಬೆಲ್ಟು ನೆಟ್ಟಗೆ ನಿಂತಿರುವಾಗ, ಒಂದು ಬದಿ ಏರುತ್ತ ಇನ್ನೊಂದು ಬದಿ ಇಳಿಯುವಾಗ, ಮೇಲು ಕೆಳಗುಗಳು ಪುಲ್ಲಿ ದಾಟಿದ ಕೂಡಲೇ ಅದಲುಬದಲಾಗುತ್ತವೆ. ‘ಮುಂದಿನ ಬೋಲ್ಟು’ ಎಂದರೆ ಎದುರಿಗಿರುವುದೋ, ಇದಾದ ಮೇಲೆ ಹಾಕಬೇಕಾದದ್ದೋ? ‘ಒಳಗಡೆ’ ಎಂದರೆ ಬೆಲ್ಟಿನ ಬಳೆಯ ಒಳಗೋ, ಬಕೆಟ್ಟಿನ ಒಳಗೋ? ಒಂದರ ಮೇಲೊಂದು ಹಾಸುವ ಜಾಯಿಂಟಿನಲ್ಲಿ ಯಾವ ತುದಿ ಪುಲ್ಲಿಯ ಕಡೆಗೆ ಬರಬೇಕು, ಅದು ಯಾವ ದಿಕ್ಕಿಗೆ ಮುಖ ಮಾಡಿರಬೇಕು ಎನ್ನುವುದು ಬೆಲ್ಟಿನ ಆಯುಷ್ಯದ ಪ್ರಶ್ನೆ. ತಿರುಗಾಮುರುಗಾ ಆದರೆ ಪುಲ್ಲಿ ಪ್ರತಿ ಸುತ್ತಿಗೂ ಆ ಅಂಚನ್ನು ಕೆರೆದು ಎಬ್ಬಿಸುತ್ತದೆ. ಹಾಗಾಗಿ ಕೈಪಿಡಿಯಲ್ಲಿ ‘ಮೇಲೆ’, ‘ಕೆಳಗೆ’, ‘ಮುಂದೆ’, ‘ಹಿಂದೆ’ಗಳನ್ನು ಆದಷ್ಟೂ ಕೈಬಿಟ್ಟು, ‘ಬಕೆಟ್ ಇರುವ ಮಗ್ಗುಲು’, ‘ಪುಲ್ಲಿಗೆ ತಾಗುವ ಮಗ್ಗುಲು’, ‘ಬೆಲ್ಟು ಓಡುವ ದಿಕ್ಕು’ ಎಂದು ಬರೆಯಬೇಕು. ಸಾಲು ಉದ್ದವಾಗುತ್ತದೆ, ತಪ್ಪಿಗೆ ಜಾಗ ಉಳಿಯುವುದಿಲ್ಲ.

ಇಷ್ಟೊಂದು ಕಾಳಜಿ ಏಕೆ ಎನ್ನುವುದಕ್ಕೆ ಉತ್ತರ ದೂಳಿನಲ್ಲಿದೆ. ಕಾಳಿನ ದೂಳು, ಹಿಟ್ಟು, ಸಕ್ಕರೆ ಪುಡಿ ಗಾಳಿಯಲ್ಲಿ ತೇಲುವಾಗ ಕಿಡಿ ತಾಗಿದರೆ ಸ್ಫೋಟಿಸುತ್ತವೆ. ಎಲಿವೇಟರಿನೊಳಗೆ ದೂಳು ಸದಾ ತೇಲುತ್ತಲೇ ಇರುತ್ತದೆ, ಸುತ್ತ ಮುಚ್ಚಿದ ತಗಡು. ಜಾಯಿಂಟ್ ಸೊಟ್ಟಗಾಗಿ ಬೆಲ್ಟು ತಗಡಿಗೆ ಉಜ್ಜಿದರೆ, ಬೆಲ್ಟು ಸಡಿಲವಾಗಿ ನಿಂತಲ್ಲೇ ನಿಂತು ಪುಲ್ಲಿ ಮಾತ್ರ ತಿರುಗಿದರೆ ಬಿಸಿ ಹುಟ್ಟುತ್ತದೆ. 1977ರ ಡಿಸೆಂಬರ್ 22ರಂದು ಅಮೆರಿಕದ ಲೂಸಿಯಾನಾ ರಾಜ್ಯದ ವೆಸ್ಟ್‌ವೀಗೋ ಎಂಬಲ್ಲಿ ಕಾಳಿನ ಉಗ್ರಾಣ ಸ್ಫೋಟಗೊಂಡು 36 ಜನ ಸತ್ತರು. ಐದೇ ದಿನಗಳಲ್ಲಿ ಟೆಕ್ಸಾಸಿನ ಗ್ಯಾಲ್ವೆಸ್ಟನ್ನಿನಲ್ಲಿ ಇನ್ನೊಂದು ಸ್ಫೋಟ. ಹತ್ತು ವರ್ಷಗಳ ನಂತರ ಅಲ್ಲಿನ ಸರ್ಕಾರ ಕಾಳು ಸಾಗಿಸುವ ಘಟಕಗಳಿಗೆಂದೇ ನಿಯಮ ತಂದಿತು. ಎಲಿವೇಟರಿನ ಹೊಸ ಬೆಲ್ಟು ಸ್ಥಾಯಿ ವಿದ್ಯುತ್ತನ್ನು ಹರಿಯಬಿಡುವಂತಿರಬೇಕು, ಅದರ ಮೇಲ್ಮೈ ರೋಧ 300 ಮೆಗಾಓಮ್ ಮೀರಬಾರದು ಎಂದು ಅದರಲ್ಲಿ ಬರೆದಿದೆ. 2008ರ ಫೆಬ್ರುವರಿ 7ರಂದು ಜಾರ್ಜಿಯಾ ರಾಜ್ಯದ ಪೋರ್ಟ್ ವೆಂಟ್‌ವರ್ತ್ ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆ ದೂಳು ಸಿಡಿದು 14 ಜನ ಸತ್ತರು. ಸಕ್ಕರೆ ಸಿಡಿಯುತ್ತದೆ ಎನ್ನುವುದು ಕಬ್ಬಿನ ಜಿಲ್ಲೆಗಳಲ್ಲಿ ಎಲ್ಲರಿಗೂ ಗೊತ್ತಿರಬೇಕಾದ ಮಾತು.

ನಮ್ಮ ಕಾನೂನಿಗೆ ಬೆಲ್ಟಿನ ಜಾಯಿಂಟ್ ಅಪರಿಚಿತವೇನಲ್ಲ. 1948ರ ಕಾರ್ಖಾನೆ ಕಾಯಿದೆಯ 22ನೇ ಕಲಮು ಅದನ್ನು ಹೆಸರಿಸಿಯೇ ಹೇಳಿತ್ತು. ತಿರುಗುವ ಪುಲ್ಲಿಯ ಬಳಿ ಬೆಲ್ಟನ್ನು ಮುಟ್ಟುವವನು ವಿಶೇಷ ತರಬೇತಿ ಪಡೆದವನಾಗಿರಬೇಕು, ಮೈಗಂಟಿದ ಬಟ್ಟೆ ತೊಟ್ಟಿರಬೇಕು, ಆ ಬಟ್ಟೆಯನ್ನು ಮಾಲೀಕನೇ ಕೊಡಬೇಕು. ಬೆಲ್ಟು 15 ಸೆಂಟಿಮೀಟರಿಗಿಂತ ಅಗಲವಿರಬಾರದು. ಜಾಯಿಂಟ್ ಹೊಲಿದದ್ದಾಗಿರಬೇಕು ಅಥವಾ ಬೆಲ್ಟಿಗೆ ಸಮತಲವಾಗಿರಬೇಕು. ಒಂದೇ ಉದ್ದನೆಯ ತೊಲೆಯಿಂದ ಹತ್ತಾರು ಯಂತ್ರಗಳಿಗೆ ಬೆಲ್ಟು ಹಾಕಿ ಓಡಿಸುತ್ತಿದ್ದ ಕಾಲದ ಗಿರಣಿಗಳು ಆ ವಾಕ್ಯಗಳ ಹಿಂದೆ ಕಾಣಿಸುತ್ತವೆ. ಬೆರಳು ಕಳೆದುಕೊಂಡವರ ಅನುಭವ ಕಾನೂನಿನ ಭಾಷೆಗೆ ಇಳಿದದ್ದು ಹಾಗೆ.

ಅದೇ ಕಾಯಿದೆಯ 108ನೇ ಕಲಮಿನಲ್ಲಿ ಇನ್ನೊಂದು ಮಾತಿತ್ತು: ಕಾರ್ಖಾನೆಯಲ್ಲಿ ತೂಗುಹಾಕಬೇಕಾದ ಸೂಚನೆಗಳು ಇಂಗ್ಲಿಷಿನಲ್ಲೂ, ಅಲ್ಲಿನ ಬಹುಪಾಲು ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕು. ಊರಿನ ಅಥವಾ ರಾಜ್ಯದ ಭಾಷೆ ಎನ್ನದೆ ಕೆಲಸಗಾರರಿಗೆ ತಿಳಿಯುವ ಭಾಷೆ ಎಂದದ್ದು ಗಮನಿಸಬೇಕಾದ ವಿವೇಕ. ಆದರೆ ಅದು ಕಾಯಿದೆ ಕೇಳುವ ಸೂಚನಾ ಫಲಕಗಳಿಗೆ ಮಾತ್ರ. ಯಂತ್ರದ ಜೊತೆ ಬರುವ ಪುಸ್ತಕದ ಭಾಷೆಯನ್ನು ಅದು ವಿಚಾರಿಸಲಿಲ್ಲ.

ಯುರೋಪಿನಲ್ಲಿ ವಿಚಾರಿಸುತ್ತಾರೆ. ಯುರೋಪಿಯನ್ ಒಕ್ಕೂಟದ 2006ರ ಯಂತ್ರ ನಿರ್ದೇಶನದ ಪ್ರಕಾರ ಯಂತ್ರ ಯಾವ ದೇಶದಲ್ಲಿ ಬಳಕೆಗೆ ಬರುತ್ತದೋ ಆ ದೇಶದ ಅಧಿಕೃತ ಭಾಷೆಯಲ್ಲಿ ಸೂಚನಾ ಪುಸ್ತಕ ಜೊತೆಗಿರಬೇಕು. ತಯಾರಕರೇ ಕಳಿಸುವ ಪರಿಣತರು ಮಾಡುವ ನಿರ್ವಹಣೆಯ ಕೆಲಸಕ್ಕಷ್ಟೇ ವಿನಾಯಿತಿ. ಅಂದರೆ ಪುಣೆಯ ಶೆಡ್ಡಿನಿಂದ ಒಂದು ಎಲಿವೇಟರ್ ಪೋಲೆಂಡಿಗೆ ಹೋದರೆ ಜೊತೆಯಲ್ಲಿ ಪೋಲಿಷ್ ಪುಸ್ತಕ ಹೋಗಲೇಬೇಕು, ಇಲ್ಲದಿದ್ದರೆ ಮಾರುವಂತಿಲ್ಲ. ಅದೇ ಎಲಿವೇಟರ್ ಮುಧೋಳಕ್ಕೆ ಹೋದರೆ ಇಂಗ್ಲಿಷ್ ಸಾಕು. ಪೋಲಿಷಿಗೆ ತರಿಸುವ ಖರ್ಚು ಯಂತ್ರದ ಬೆಲೆಯೊಳಗೆ ಸೇರಿಹೋಗುತ್ತದೆ, ಯಾರೂ ದುಬಾರಿ ಎನ್ನುವುದಿಲ್ಲ. ಕನ್ನಡದ ಮಾತು ಬಂದಾಗ ಮಾತ್ರ ‘ಫಿಟ್ಟರುಗಳಿಗೆ ಎಲ್ಲ ಗೊತ್ತಿರುತ್ತದೆ’ ಎನ್ನುವ ಉತ್ತರ ಸಿದ್ಧವಾಗಿರುತ್ತದೆ. ಗೊತ್ತಿರುತ್ತದೆ, ನಿಜ. ಇಪ್ಪತ್ತು ವರ್ಷ ಕೆಲಸ ಮಾಡಿದವನಿಗೆ ಬೆಲ್ಟನ್ನು ತಟ್ಟಿ ನೋಡಿದರೆ ಬಿಗಿ ತಿಳಿಯುತ್ತದೆ. ಆ ತಿಳಿವಳಿಕೆ ಅವನೊಂದಿಗೇ ನಡೆದುಹೋಗುತ್ತದೆ ಎನ್ನುವುದೇ ತೊಂದರೆ. ಹೊಸ ಬೆಲ್ಟಿಗೆ ಇಂತಿಷ್ಟೇ ಬಿಗಿಯಬೇಕು ಎಂದು ತಯಾರಕರು ಅಂಕಿ ಕೊಟ್ಟಿದ್ದರೂ ಓದಲಾಗದವನಿಗೆ ಹಳೆಯ ಬೆಲ್ಟಿನ ಕೈಬಿಗಿಯೇ ಅಳತೆ.

ಇನ್ನೂರು ಪುಟದ ಪುಸ್ತಕವನ್ನು ಪೂರ್ತಿ ಅನುವಾದಿಸಲು ಆಗದಿದ್ದರೆ ಬೇಡ. ಒಂದು ಹಾಳೆ ಸಾಕು. ತಗಡಿನ ಮೇಲೆ ಅಚ್ಚು ಹಾಕಿಸಿ, ಜಾಯಿಂಟ್ ಮಾಡುವ ಕಿಟಕಿಯ ಪಕ್ಕದಲ್ಲೇ ಹೊಡೆದರೆ ದೂಳಿನಲ್ಲೂ ಉಳಿಯುತ್ತದೆ. ಕನ್ನಡದಲ್ಲಿ ಅದು ಹೆಚ್ಚುಕಡಿಮೆ ಹೀಗಿರಬಹುದು:

ಮೋಟಾರಿಗೆ ಬೀಗ ಹಾಕಿ. ಕೀಲಿ ನಿಮ್ಮ ಜೇಬಿನಲ್ಲಿರಲಿ.

ಕತ್ತರಿಸುವ ಮೊದಲು ಬೆಲ್ಟಿನ ಎರಡೂ ಬದಿ ಕಟ್ಟಿ. ಕಟ್ಟಿದ್ದನ್ನು ಇನ್ನೊಬ್ಬರು ನೋಡಲಿ.

ಕೂಗುವವರು ಒಬ್ಬರೇ. ನಿಲ್ಲಿಸು ಎಂದು ಯಾರು ಹೇಳಿದರೂ ನಿಲ್ಲಿಸಿ.

ಬೆಲ್ಟಿನ ನಡುಗೆರೆಗೆ ಅಡ್ಡವಾಗಿ, ನೇರವಾಗಿ ಕತ್ತರಿಸಿ.

ಬೋಲ್ಟಿನ ತಲೆ ಪುಲ್ಲಿಗೆ ತಾಗುವ ಮಗ್ಗುಲಿಗೆ, ನಟ್ಟು ಬಕೆಟ್ಟಿನ ಒಳಗೆ.

ತುದಿಗಳು ಹೇಗೆ ಕೂಡಬೇಕು ಎಂಬುದಕ್ಕೆ ಪಕ್ಕದ ಚಿತ್ರ ನೋಡಿ. ಬಾಣದ ಗುರುತು ಬೆಲ್ಟು ಓಡುವ ದಿಕ್ಕು.

ಮುಚ್ಚಳ ಹಾಕಿದ ಮೇಲೆಯೇ ಮೋಟಾರ್ ಚಾಲೂ ಮಾಡಿ. ಮೊದಲು ಖಾಲಿ ಓಡಿಸಿ, ಬೆಲ್ಟು ನಡುವೆ ಓಡುತ್ತಿದೆಯೇ ನೋಡಿ.

ಮಾಲು ಹಾಕಿ ಓಡಿಸಿದ ಮೇಲೆ ನಿಲ್ಲಿಸಿ, ಬೀಗ ಹಾಕಿ, ಎಲ್ಲ ಬೋಲ್ಟು ಮತ್ತೆ ಬಿಗಿ ಮಾಡಿ. ಮಾಡಿದ ತಾರೀಖು ಇಲ್ಲಿ ಬರೆಯಿರಿ.

ಕೊನೆಯ ಸಾಲೇ ಬಹಳ ಸಲ ಬಿಟ್ಟುಹೋಗುವ ಕೆಲಸ. ಮೊದಲ ಓಟದ ನಂತರ ಬೆಲ್ಟು ಹಿಗ್ಗಿ, ಬೋಲ್ಟಿನ ಕೆಳಗಿನ ರಬ್ಬರು ಅದುಮಿಕೊಂಡು, ಬಿಗಿ ಇದ್ದದ್ದು ಸಡಿಲವಾಗಿರುತ್ತದೆ. ಆದರೆ ಅಷ್ಟರಲ್ಲಿ ಬೆಲ್ಟು ಹಾಕಿದ ತಂಡ ಮುಂದಿನ ಊರಿಗೆ ಹೋಗಿಯಾಗಿರುತ್ತದೆ, ಕಬ್ಬಿನ ಗಾಡಿಗಳು ಗೇಟಿನ ಹೊರಗೆ ಸಾಲು ನಿಂತಿರುತ್ತವೆ, ಅರ್ಧ ಗಂಟೆ ನಿಲ್ಲಿಸಿ ಎಂದು ಹೇಳುವ ಧೈರ್ಯ ಪಾಳಿಯ ಹುಡುಗನಿಗೆ ಇರುವುದಿಲ್ಲ. ತಾರೀಖು ಬರೆಯಲು ಖಾಲಿ ಬಿಟ್ಟ ಒಂದು ಚೌಕ, ಅವನಿಗೆ ಓದಲು ಬರುವ ಭಾಷೆಯಲ್ಲಿ ಕಿಟಕಿಯ ಪಕ್ಕವೇ ಇದ್ದರೆ, ಅದನ್ನು ಬೆರಳು ಮಾಡಿ ತೋರಿಸಿ ಅವನು ಸೂಪರ್‌ವೈಸರನ್ನು ಕೇಳಬಹುದು: “ಸರ, ಇದಿನ್ನಾ ಖಾಲಿ ಐತ್ರೀ.”